ಸುಟ್ಟ ವಾಸನೆ

ಐರ್ಲೆಂಡಿನ ಬ್ಯಾಲಿನ್‌ಕೊಲಿಗ್‌ನ ಕೋವಿಡ್ ಟೆಸ್ಟ್ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಕನ್ನಡದಲ್ಲಿ ಮಾತಾಡುತ್ತಿದ್ದರು. ಒಂದೇ ವರ್ಕ್‌ಶಾಪಿನವರು.

"ನಿನ್ನೆ ಯಾಕೋ ಮತೀನ್, ಅಷ್ಟೊಂದು ಟೂಲ್ ಸುಟ್ಟಾಕ್ದೆ?"

"ಕೊರೆಯೋದು ಟೈಟೇನಿಯಂ ಅಲ್ವಾ ಸಚಿನ್, ಟೂಲ್ ತುದಿ ಬೇಗ ಸವೆಯುತ್ತೆ."

"ಸವೆದ್ರೆ ಆಯಿಲ್ ಸುಟ್ಟ ವಾಸ್ನೆ ಬರುತ್ತೆ. ಎಲ್ರಿಗಿಂತ ಮೊದ್ಲು ಮಷೀನ್ ನಿಲ್ಸೋನು ನೀನು."

"ವಾಸ್ನೆ ಬರ್ಲಿಲ್ಲ ಕಣೋ."

"ಶೆಡ್ಡೆಲ್ಲ ನಾರ್ತಿತ್ತು!"

"ಅದಕ್ಕೇ ಟೆಸ್ಟಿಗೆ ಬಂದಿರೋದು."

"ನನ್ನನ್ಯಾಕೆ ಎಳ್ಕೊಂಡು ಬಂದೆ ಮತ್ತೆ? ನಾನು ಗ್ರ್ಯಾಂಡಾಗಿದೀನಿ, ನಂಗೇನೂ ಆಗಿಲ್ಲ."

"ನಮಗಿರೋದು ಒಂದೇ ರೂಮು. ಈಗ ಬೇರೆ ಯಾರು ಮನೆಗೆ ಸೇರಿಸ್ತಾರೆ ನಿನ್ನ?"

ಒಳಗಿನಿಂದ ಕರೆ ಬಂತು. ಮತೀನ್ ಹೋದ.

ಸಚಿನ್ ಬಾಗಿಲ ಬಳಿಯ ಸ್ಯಾನಿಟೈಸರ್ ಒತ್ತಿ, ಮಾಸ್ಕ್ ಇಳಿಸಿ, ಅಂಗೈ ಮೂಸಿದ. ಮತ್ತೆ ಒತ್ತಿದ. ಈ ಸಲ ಮೂಗು ಅಂಗೈಗೇ ತಾಗಿತು. ಅವನನ್ನೂ ಕರೆದರು.