ಒಂದ ಕೊಡಾ ತುಂಬ್ಕೊ, ಸುಗರಾ

...ಹಿಡಿ, ಈ ಕೊಡಾ ಹಿಡಿ ನಳದ ಕೆಳಗ. ಹಿಡೀ ಸುಗರಾ! ಸುಮ್ಮನ ಕಟ್ಟಿ ಮ್ಯಾಲೆ ಕೂತ್ರ ಹ್ಯಾಂಗ? ನೀರ ಬಂದು ಆಗಲೇ ಎಷ್ಟೊತ್ತಾತು, ಇನ್ನ ಸ್ವಲ್ಪಕ್ಕ ನಿಂತ ಬಿಡ್ತದ. ಆಮ್ಯಾಲೆ ಮತ್ತ ಎಂಟ ದಿವಸ ನಳದಾಗ ಬರೇ ಸುಂಯ್ ಅಂತ ಗಾಳಿ.

ಯಾಕ ನಗ್ತೀ? ತಾಮ್ರದ ಕೊಡಾ ಅಂತ? ಮಡಿ ನೀರಿನ ಕೊಡಾ ಸುಗರಾನ ಕೈಯಾಗ ಕೊಡ್ಲಿಕ್ಕತ್ತಾಳ ಅನಸೂಯಾಬಾಯಿ ಅಂತ ನಗೂ ಬಂತೇನು? ಅಯ್ಯ, ಆ ಮಡಿ ನಮ್ಮವರ ಜೋಡೀನ ಹೋತು. ಈಗ ಯಾರಿದ್ದಾರ ನನಗ ಮಡಿ ಹೇಳೋರು? ತೊಗೋ ಅಂದ್ನೆಲಾ. ಪ್ಲಾಸ್ಟಿಕ ಬೇಕಂದ್ರ ಅದೂ ಅದ, ಬಚ್ಚಲದಾಗ ಎರಡ ಅವ, ತರ್ತೀನಿ ತಡಿ... ಬ್ಯಾಡಾ? ಇದೂ ಬ್ಯಾಡಾ, ಅದೂ ಬ್ಯಾಡಾ?

ಬಣ್ಣದ ನೂಲು ಇನ್ನೂ ಹಂಡೇದಾಗ ಅದಲಾ, ಸುಗರಾ! ನಿನ್ನ ಗಂಡ ಮೋದಿನಸಾಬ ಮುಂಜಾನೆ ಬಸ್ಸಿಗೆ ಹೊಂಟಾಗ ಹೇಳಿದಾ ನನ್ನ ಮುಂದ. ಬಾಗಲದಾಗ ನಿಂತು, ಟೋಪಿ ಕೈಯಾಗ ಹಿಡಕೊಂಡು, "ಬಾಯಾರ, ನೀರ ಬರೋ ದಿವಸಾ ನೋಡೇ ನೂಲು ಬಣ್ಣಕ್ಕ ಹಾಕಿದ್ವಿರಿ, ಪುರಸಭಾದವರೂ ಅದ ದಿವಸಾ ನೋಡಿ ಬಂದು ನಳಾ ಕಡದ್ರು" ಅಂದ. ಎಷ್ಟ ಮೆತ್ತಗ ಅಂದ! ಗಜೇಂದ್ರಗಡದ ಮಗ್ಗದವರ ಕಾಲ ಹಿಡಕೋಲಿಕ್ಕೆ ಹೋಗ್ಯಾನ, ಇನ್ನ ನಾಕ ದಿವಸಾ ವಾಯಿದೆ ಕೊಡ್ರಿ ಅಂತ. ಕೊಡ್ತಾರೇನು? ಮದುವಿ ಸೀಜನ್ನು. ಪಟ್ಟೆದಂಚಿನ ಸೀರಿಗೆ ಕೆಂಪ ನೂಲು. ನಾಳೆ ಒಯ್ಯಲಿಕ್ಕೆ ಬರ್ತಾರ ಅವರು. ಈಗ ಅದನ್ನ ತಣ್ಣೀರಾಗ ಜಾಲಿಸಿ ತಗೀಲಿಲ್ಲಂದ್ರ ಬಣ್ಣದ ಕಲಿ ಬೀಳ್ತದ, ನೀನ ಹೇಳಿದ್ದಿ ನನಗ. ಕಲಿ ಬಿದ್ದ ನೂಲ ಯಾರ ಮಗ್ಗಕ್ಕ ಹಾಕ್ತಾರ? ಒಮ್ಮೆ ಕೈ ಬಿಟ್ಟರಂದ್ರ ಮತ್ತ ನಿಮ್ಮ ಬಾಗಲಕ್ಕ ಬರ್ತಾರೇನು? ಮಷೀನಿನ ಮ್ಯಾಲೆ ಬಣ್ಣಾ ಹಾಕೋರು ಬಾಯಿ ತಕ್ಕೊಂಡ ಕೂತಾರ. ಇಷ್ಟೆಲ್ಲಾ ನನಗ ತಿಳೀತದ, ನಿನಗ ತಿಳೀವಲ್ದು!

ಪೈಪ ಹಾಕೋಣೇನು? ಹಾಂ? ಗಿಡಕ್ಕ ನೀರ ಬಿಡೋ ಪೈಪ ಅದ. ಗೋಡಿ ಮ್ಯಾಲಿಂದ ಒಗದ್ರ ನಿನ್ನ ಹಂಡೇದ ಬಾಯಿಗೇ ಬೀಳ್ತದ. ಒಂದು ನಳದ ನೀರು ಇನ್ನೊಂದ ಮನಿಗೆ ಕೊಟ್ರ ಇಬ್ಬರ ನಳಾನೂ ಕಡೀತೀವಿ ಅಂತ ಪುರಸಭಾದ ಠರಾವದಾಗ ಬರದದ. ಕಡೀಲಿ! ಬಂದ ಕಡೀಲಿ! ಮೆಂಬರ ಮನಿ ನಳಾ ಕಡದ್ರು ಅಂತ ಇಡೀ ಊರ ನೋಡ್ಲಿ. ನಾ ಅಂಜೂದಿಲ್ಲ.

...ಹಂಗ ನೋಡಬ್ಯಾಡ. ನೀ ಬೈ, ಚೀರು, ಆದ್ರ ಹಂಗ ನೋಡಬ್ಯಾಡ.

ಮುಂಜಾನೆ ಯಾಕ ಬರಲಿಲ್ಲ ಅಂತೀಯೇನು? ದೇವರ ಮನ್ಯಾಗ ಇದ್ದೆ. ಹಾರಿ ಸಪ್ಪಳಾ ಕೇಳಸ್ತು. ಕೇಳಸ್ತು, ಸುಳ್ಳ ಯಾಕ ಹೇಳ್ಲಿ. ರಸ್ತಾ ಅಗೀಲಿಕ್ಕತ್ತಾರ ಅನಕೊಂಡೆ. ಆಮ್ಯಾಲೆ ನಿನ್ನ ಧ್ವನಿ ಕೇಳಸ್ತು, "ಒಂದ ದಿವಸಾ ತಡೀರಿ ಅಣ್ಣಾರ, ನೂಲು ಹಂಡೇದಾಗ ಅದ" ಅಂತ. ನಾ ಏಳಬೇಕಿತ್ತು. ಓಣಿಯವರು ಓಟ ಹಾಕಿ ಆರಿಸಿ ಕಳಸ್ಯಾರ, ಮನೀ ಮನಿಗೆ ನೀನ ನನ್ನ ಜೋಡಿ ತಿರಗಿದಿ, "ನಮ್ಮ ಅಕ್ಕಗ ಹಾಕ್ರಿ" ಅಂತ. ಏಳಬೇಕಂತ ಮಾಡಿದೆ, ಖರೇನ. ಅಭಿಷೇಕ ಅರ್ಧಕ್ಕಾಗಿತ್ತು. ಮುಗಿಸಿ ಹೊರಗ ಬರೋದ್ರಾಗ ಪೈಪಿಗೆ ಬೂಚ ಬಡದು ಹೋಗಿದ್ರು. ಆತು? ಅರ್ಧಕ್ಕ ಬಿಟ್ಟ ಬರಬಹುದಿತ್ತು. ಬರಲಿಲ್ಲ. ಇದಕ್ಕ ಸಿಟ್ಟಲಾ ನಿನಗ? ಸಿಟ್ಟ ಬರೋದ ಸರಿ. ನೀರ ತುಂಬ್ಕೊಂಡು ಸಿಟ್ಟ ಮಾಡು.

ಆದ್ರ ಒಂದ ಮಾತು. ಆ ಠರಾವಿಗೆ ನಾ ಕೈ ಎತ್ತಿಲ್ಲ. ಅದೊಂದು ನೀ ಮರೀಬ್ಯಾಡ! ಮುಖ್ಯಾಧಿಕಾರಿ ಓದಲಿಕ್ಕತ್ತಿದ್ರು, ಹೊಸ ಪೈಪಲೈನಂತ, ಮಲಪ್ರಭಾದ ನೀರಂತ, ಅದಕ್ಕ ಪ್ರತಿ ನಳಕ್ಕೂ ಅಭಿವೃದ್ಧಿ ಶುಲ್ಕಂತ. ಮನ್ಯಾಗ ಧಂದೆ ಮಾಡೋರಿಗೆ ವ್ಯಾಪಾರಿ ನಳದ ದರ, ಅದೂ ಹಿಂದಿನ ವರ್ಷದ್ದೆಲ್ಲಾ ಸೇರಿಸಿ. ಕಟ್ಟದಿದ್ರ ನಳಾ ಬಂದ್. ನಾ ಎದ್ದ ನಿಂತೆ. "ಸಾಹೇಬ್ರ, ಎಂಟ ದಿವಸಕ್ಕೊಮ್ಮೆ ನೀರ ಬಿಡ್ತೀರಿ, ಉಳದ ದಿವಸಾ ನಳದಾಗ ಗಾಳಿ ಬರ್ತದ. ಆ ಗಾಳಿ ಅಭಿವೃದ್ಧಿಗೆ ನಾವ್ಯಾಕ ರೊಕ್ಕಾ ಕೊಡಬೇಕ್ರಿ?" ಅಂದೆ. ಎಲ್ಲಾರೂ ನಕ್ಕರು. ನಕ್ಕು ನಕ್ಕು ಕೈ ಎತ್ತಿದ್ರು, ಮೂಳರು! ವಸೂಲಿ ತೋರಸಲಿಲ್ಲಂದ್ರ ಅನುದಾನ ಬರೂದಿಲ್ಲಂತ. ಇಡೀ ಸಭಾದಾಗ ಎರಡ ಕೈ ಕೆಳಗ ಇದ್ವು. ಒಂದು ಆ ಪ್ಯಾಟಿ ಓಣಿ ಬಾಷಾಂದು, ಇನ್ನೊಂದು ನಂದು...

ಯಾಕ ತಲಿ ಅಲ್ಲಾಡಸ್ತೀ? ಹೇಳೀನೇನು ಮೊದಲ? ಹೇಳಿರಬೇಕು. ನಾಕ ಸಲ ಹೇಳಿರಬೇಕು. ಮತ್ತ ಹೇಳ್ತೀನಿ. ಊರಿಗೆಲ್ಲಾ ಹೇಳ್ತೀನಿ, ಖರೇ ಇದ್ದದ್ದಕ್ಕ ಹೇಳ್ತೀನಿ!

ನಿನ್ನ ಮನೀನ್ನ "ವ್ಯಾಪಾರಿ" ಅಂತ ಬರದ್ರಲ್ಲ, ತ್ರಾಸ ಆಗಿದ್ದು ಅಲ್ಲಿಂದ. ಸಾದಾ ನಳಾ ಅಂತ ಇದ್ದಿದ್ರ ಹ್ಯಾಂಗರೆ ಮಾಡಿ ಕಟ್ಟತಿದ್ರಿ. ಬರದವರ ಕೈ ಮುರೀಲಿ. ಮನಿ ಮುಂದ ಬೋರ್ಡ ಇಲ್ಲ, ಏನಿಲ್ಲ, ಹಿತ್ತಲದಾಗ ಎರಡ ಹಂಡೆ. ಹೊರಗಿನವರಿಗೆ ಹ್ಯಾಂಗ ತಿಳೀಬೇಕು? ಓಣ್ಯಾಗಿನವರ ಯಾರೋ ಹೇಳಿರಬೇಕು ನೋಡು. ಆ ತುದಿ ಮನಿ ದೇವಿಕಾನ ಹೇಳ್ಯಾಳ. ನೀ ಅರಿಬಿ ಒಣಹಾಕೋದ್ರ ಮ್ಯಾಲೆ ಒಮ್ಮೆ ಜಗಳಾ ತಗದಿದ್ದಳಲ್ಲ? ಆಕಿನ. ನೂರಕ್ಕ ನೂರ ಆಕಿನ...

ಏನಾತು? ಯಾಕ ಕಣ್ಣ ಮುಚ್ಚಿದಿ?

...ಹೌದು. ಹೌದಲಾ. ದೇವಿಕಾ ಆವಾಗ ಊರಾಗ ಇರಲೇ ಇಲ್ಲ. ಮಗಳ ಬಾಣಂತನಕ್ಕ ಹೊಳೆಆಲೂರಿಗೆ ಹೋಗಿದ್ದಳು. ಮರತೆ. ವಯಸ್ಸಾತು ನನಗ, ಮರೀತೀನಿ. ಅಂದ್ರ ಇನ್ಯಾರೋ ಇರಬೇಕು. ನನಗೇನ ಗೊತ್ತು? ಪುರಸಭಾದಿಂದ ನಳದ ಸರ್ವೇದವರು ಬಂದಾಗ ನಾ ಮನ್ಯಾಗ ಇರಲಿಲ್ಲ. ಸಂಕ್ರಾಂತಿ ಹಿಂದಿನ ದಿವಸಾ ಅಲಾ? ನಾ ಒಲಿ ಮುಂದ ಕುಸುರೆಳ್ಳ ಮಾಡ್ಕೋತ ಕೂತಿದ್ದೆ, ಪಾಕಾ ಹಿಡಕೊಂಡು ಕೈ ಬಿಡೋ ಹಂಗ ಇರಲಿಲ್ಲ...

ಮನ್ಯಾಗ ಇದ್ದೆ ಅಂದ್ನೇನು ಈಗ?

ಇದ್ದೆ. ಆತು, ಇದ್ದೆ. ಅದರಾಗೇನದ?

ಹಿತ್ತಲದಾಗಿನ ಆ ಖೋಲಿಗೋಳನ್ನ ಯಾಕ ನೋಡ್ತೀ? ಇವತ್ತ ಹೊಸದಾಗಿ ನೋಡಿಧಂಗ ನೋಡ್ತೀ. ಅವನ್ನ ಕಟ್ಟಿಸಿದಾಗ ಇಟ್ಟಂಗಿ ಎಣಿಸಿ ಇಳಿಸ್ಕೊಂಡಾಕಿ ನೀನ. ನಮ್ಮವರು ಹೋದ ಮ್ಯಾಲೆ ನನಗೇನಿತ್ತು ಹೇಳು? ಆ ಮೂರ ಖೋಲಿ ಬಾಡಿಗಿ ಮ್ಯಾಲೆ ನನ್ನ ಹೊಟ್ಟಿ ನಡೀತದ. ಪರವಾನಗಿ ಇಲ್ಲ, ಅದೂ ನಿನಗ ಗೊತ್ತು. ಮೂರ ಒಲಿ, ಮೂರ ಸಂಸಾರ, ಎಲ್ಲಾರಿಗೂ ಇದೊಂದ ನಳಾ, ಅದೂ ಗೊತ್ತು. ಮೆಂಬರಬಾಯಿ ಹಿತ್ತಲದಾಗ ಇಂಥಾದ್ದದ ಅಂತ ತಿಳದ್ರ ಖೋಲಿನೂ ಕೆಡವ್ತಾರ, ಮೆಂಬರಕೀನೂ ಹೋಗ್ತದ, ನಾ ಯಾರ ಮನಿ ಮುಂದ ಹೋಗಿ ನಿಂದರಬೇಕು ಈ ವಯಸ್ಸಿನಾಗ? ಹೇಳು!

ಕೆಂಪ ನೀರು ನಿನ್ನ ಮನ್ಯಾಗಿಂದ ನನ್ನ ಹಿತ್ತಲದಾಗ ಹಾದು ಹೊರಗ ಬೀಳ್ತದಲಾ. ಸರ್ವೇದವರು ಹಿಂದಿನ ಸಂದ್ಯಾಗ ನಿಂತು ಗಟಾರ ನೋಡಿದ್ರು. ಬಣ್ಣಾ ನನ್ನ ಮನೀದು ಅಂತ ತಿಳಕೊಂಡ್ರು. "ಬಾಯಾರ, ಒಳಗ ಬಂದ ನೋಡಬೇಕಾಗ್ತದ್ರಿ" ಅಂದ್ರು. ಬಾಗಲಕ್ಕ ಅಡ್ಡ ನಿಂತೆ ನಾನು. ಒಳಗ ಬಂದಿದ್ರ ಖೋಲಿ ಕಾಣತಿದ್ವು ಸುಗರಾ. ಮೂರೂ ಕಾಣತಿದ್ವು. ಏನರೆ ಹೇಳಿ ಅವರನ್ನ ಸಾಗಹಾಕಬೇಕಿತ್ತು...

ನಾ ಏನೂ ಹೇಳಲಿಲ್ಲ! ಹಂಗ ಸಾಗಹಾಕಿದೆ. ಹಬ್ಬದ ಮುಂದ ಬರಬ್ಯಾಡ್ರಿ, ಮಡೀಲೆ ಇದ್ದೀನಿ ಅಂದೆ. ಹೋದ್ರು. ಅಷ್ಟ ಆದದ್ದು. ನಿನ್ನ ಹೆಸರ ಸೈತ ತಗೀಲಿಲ್ಲ...

ಎಲ್ಲೆ ನೋಡ್ಲಿಕ್ಕತ್ತಿ? ಗೋಡಿ ಮ್ಯಾಲೆ ಏನದ? ಅದು ನಿನ್ನ ಬಚ್ಚಲದ ಕಿಂಡಿ ಅಲಾ. ಅದನ್ನ್ಯಾಕ...

ಸುಗರಾ.

ಅಲ್ಲಿಂದ ಇಲ್ಲೀ ಮಾತು ಕೇಳಸ್ತದೇನು?

...ಕೇಳಸ್ತದ.

ಆವತ್ತ ನೀ ಅಲ್ಲೇ ಇದ್ದಿ. ಹೌದಲ್ಲ? ಕೈಯಾಗ ನೂಲ ಹಿಡಕೊಂಡು ನಿಂತಿದ್ದಿ. "ಬಣ್ಣಾ ನಮ್ಮದಲ್ಲರಿ, ಗೋಡಿ ಆಚೆ ಸುಗರಾಂದು. ದಿನಾ ಹಂಡೆ ಕುದಸ್ತಾಳ್ರಿ. ಮುಂದಿನ ಬಾಗಲಿಂದ ಹೋಗ್ರಿ, ಸಿಗತಾಳ." ನಾ ಅಂದದ್ದು ಇಷ್ಟೂ ಕೇಳಿದಿ ನೀನು. ಒಂದೊಂದ ಅಕ್ಷರ ಕೇಳಿದಿ.

ಮರುದಿವಸಾ ನಾ ಕುಸುರೆಳ್ಳ ತೊಗೊಂಡು ಬಂದೆ. ನೀ ಬಾಗಲದಾಗ ನಿಂತು ಬಾಳೊತ್ತು ನನ್ನ ಮಾರಿ ನೋಡಿದಿ. "ಅಕ್ಕಾ, ನನಗ ಏನರೆ ಹೇಳೋದದ ಏನು?" ಅಂತ ಕೇಳಿದಿ. ನನಗ ಆವಾಗ ತಿಳೀಲಿಲ್ಲ. "ನಿನಗೇನ ಹೇಳೋದದ ಹುಚ್ಚಿ, ಬಾಯಿ ತಗಿ" ಅಂತ ನಾನ ತುತ್ತ ಹಾಕಿದೆ. ತಿಂದಿ ನೀನು. ಅಯ್ಯಯ್ಯೋ, ಹ್ಯಾಂಗ ತಿಂದಿ!

ರಮಜಾನಕ್ಕ ಶಾವಿಗಿ ಸುರಕುಂಬಾ ತಂದಿ. ಪ್ರತಿ ವರ್ಷಾ ಇಟ್ಟ ಹೋಗಾಕಿ, ಅವತ್ತ ನಾ ಕುಡಿಯೋತನಕಾ ಎದರಿಗೆ ಕೂತಿ. ನಾ ನನ್ನ ಮೊಣಕಾಲ ಬ್ಯಾನಿ ಬಗ್ಗೆ ಮಾತಾಡಿದೆ. ನೋಟೀಸ ಬಂದಾಗ ನನ್ನ ಕೈಯಾಗ ಕೊಟ್ಟು "ಓದಕ್ಕಾ" ಅಂದಿ. ನಿನಗೇನ ಓದಲಿಕ್ಕೆ ಬರೂದಿಲ್ಲೇನು? ಹತ್ತನೇತ್ತಾ ಪಾಸಾದಾಕಿ ನೀನು! ನಾ ಕನ್ನಡಕ ಹಾಕ್ಕೊಂಡು ಜ್ವಾರಾಗಿ ಓದಿದೆ. ಓದಿ ಮುಗಿಸಿ, ಎಂಥಾ ಮಂದಿ ಇರ್ತಾರ ನೋಡವಾ ಅಂದೆ. ನೀ ನೋಡ್ಲಿಕ್ಕತ್ತಿದ್ದಿ.

ಇಷ್ಟ ದಿವಸಾ ನಾ ಹೇಳ್ತೀನಂತ ದಾರಿ ಕಾದಿ. ಇವತ್ತೂ ಅದಕ್ಕ ಬಂದಿ. ನೀರಿಗೆ ಬಂದಿಲ್ಲ ನೀನು.

ಬೈ ನನಗ. ಒಂದ ಮಾತ ಬೈ. ನಾನ ಹೇಳಿದ್ದು, ಸುಗರಾ, ನಾನ. ನನ್ನ ಖೋಲಿ ಉಳಿಸ್ಕೊಳ್ಳಲಿಕ್ಕೆ ನಿನ್ನ ಮನಿ ತೋರಿಸಿದೆ. ಸಾಕೇನು? ಹೇಳಿದ್ನೆಲಾ ಈಗ?

...ಏಳ್ತೀಯಾ? ಯಾಕ ಎದ್ದಿ? ಕೈ ಯಾಕ ಚಾಚಿದಿ, ನನಗ? ನಾ ಏಳಬೇಕಾ? ಹಿಡಕೋತೀನಿ ತಡಿ, ಮೊಣಕಾಲ... ಎಲ್ಲಿಗೆ? ಪುರಸಭಾಕ್ಕ? ಈಗ?

ಅಂದ್ರ... ನಾ ಬಂದು ಅವರ ಮುಂದ ಹೇಳಬೇಕು. ಸರ್ವೇಕ್ಕ ಬಂದಾಗ ನನ್ನ ಖೋಲಿ ಮುಚ್ಚಿಡಲಿಕ್ಕೆ ಸುಗರಾನ ಮನಿ ತೋರಿಸಿದೆ, ಇಬ್ಬರ ಮನೀನೂ ತಿರುಗಿ ನೋಡ್ರಿ, ನನ್ನ ಹಿತ್ತಲಾನೂ ನೋಡ್ರಿ ಅಂತ... ಹೇಳಬೇಕು. ಹೇಳಬೇಕಾಗ್ತದ. ಹೇಳೋದ ಸರಿ. ಬರ್ತೀನಿ. ಖರೇ ಬರ್ತೀನಿ.

ಆದ್ರ ಇವತ್ತ ನೀರ ಬಂದದ ಅಲಾ, ಬಾಡಿಗಿಯವರು ಯಾರೂ ಇಲ್ಲ, ನಾನ ತುಂಬಿಡಬೇಕು. ಸಾಹೇಬ್ರೂ ಮಧ್ಯಾಹ್ನದಾಗ ಇರ್ತಾರೋ ಇಲ್ಲೋ. ಸೋಮವಾರ ಹೋಗೋಣು. ಹಾಂ? ಸೋಮವಾರ ಮುಂಜಾನೆ, ನಾನ ಬಂದು ನಿನ್ನ ಕರೀತೀನಿ. ಅಲ್ಲೀತನಕಾ ಇದೊಂದ ಕೊಡಾ ತುಂಬ್ಕೊ, ನೂಲರೆ ಉಳೀಲಿ...

ಸುಗರಾ? ಕೈ ಯಾಕ ಹಿಂದ ತೊಗೊಂಡಿ?