ಬಲೆಯಲ್ಲಿ ಸಿಕ್ಕ ತೂತಿಲ್ಲದ ಮಣಿ

ಹೆಸರು: ಬೊಮ್ಮಯ್ಯ ತಂದೆ ಮಾಸ್ತಿ ಅಂಬಿಗ. ಪ್ರಾಯ: 52 ವರ್ಷ. ವೃತ್ತಿ: ಹಳ್ಳದಲ್ಲಿ ಮೀನು ಹಿಡಿಯುವುದು, ಬಲೆ ಮಾಡುವುದು ಮತ್ತು ದುರಸ್ತಿ. ಸಾಕಿನ್: ಹೊಳನಗದ್ದೆ, ತಾಲೂಕು: ಕುಮಟಾ, ಜಿಲ್ಲೆ: ಉತ್ತರ ಕನ್ನಡ.

ಯಾರೂ ಕರೆಯದೆ, ನಾನಾಗಿಯೇ ಠಾಣೆಗೆ ಬಂದು ಬರೆಯಿಸುವುದೇನೆಂದರೆ,

ನಿನ್ನೆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಗಿನ ಜಾವ ಸ್ವಲ್ಪ ಕಣ್ಣು ಹತ್ತಿದಾಗ ಒಂದು ಕನಸು ಬಿದ್ದಿತು. ಕನಸಿನಲ್ಲಿ ನಾನು ಬಲೆ ಬೀಸಿದ್ದೆ. ಬಲೆ ನೀರಿಗೆ ಬೀಳದೆ ಗಾಳಿಯಲ್ಲಿ ನೆಟ್ಟಗೆ ಹೋಗಿ, ಹಳ್ಳದ ಆಚೆ ದಡದಲ್ಲಿ ನಿಂತಿದ್ದ ನನ್ನ ಹೆಂಡತಿಯ ತಮ್ಮ ನರೇಶನ ಮೇಲೆ ಬಿದ್ದಿತು. ನಾನು ಹಗ್ಗ ಎಳೆದಷ್ಟೂ ಅವನು ಒಳಗೆ ಸಣ್ಣಗಾಗುತ್ತಿದ್ದನು. ಕನಸು ಹೇಳಿಕೆಯಲ್ಲಿ ಬರುವುದಿಲ್ಲ ಎಂದು ಬರೆದುಕೊಳ್ಳುವ ಸಾಹೇಬರು ಹೇಳಿದರು. ಆದರೆ ಆ ಬಲೆ ಕಟ್ಟಿದವನು ನಾನು, ಈ ಠಾಣೆಯ ಒಳಗೆ ಕುಳಿತಿರುವವನು ಅವನು. ಆದ್ದರಿಂದ ಬರೆದುಕೊಳ್ಳಿ ಎಂದು ಕೇಳಿಕೊಂಡಿದ್ದೇನೆ. ನಾನು ಐದನೇ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟವನು. ಹೆಚ್ಚುಕಡಿಮೆ ಮಾತಾಡಿದ್ದರೆ ತಿದ್ದಿಕೊಳ್ಳಬೇಕು.

ನನ್ನ ಹೆಂಡತಿ ದೇವಿ. ನರೇಶ ನಮ್ಮ ಮನೆಯಲ್ಲೇ ಇರುತ್ತಾನೆ. ಅವನು ಕುಮಟಾ ಪೇಟೆಯಲ್ಲಿರುವ ಪ್ರದೀಪ ಹೆಗಡೆಯವರ ಕಾರಿನ ಡ್ರೈವರ್. ಹೆಗಡೆಯವರಿಗೆ ಭಟ್ಕಳದಲ್ಲಿ ಬ್ಯಾಂಕಿನ ಕೆಲಸ. ಅವರ ತಂಗಿ ಸ್ಮೃತಿ ಅಮ್ಮನವರಿಗೆ ಹೊನ್ನಾವರದಲ್ಲಿ ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ. ನರೇಶ ಬೆಳಿಗ್ಗೆ ಇಬ್ಬರನ್ನೂ ಕರೆದುಕೊಂಡು ಹೋಗಿ ಸಂಜೆ ಇಬ್ಬರನ್ನೂ ಕರೆತರುತ್ತಾನೆ. ಬೆಳಿಗ್ಗೆ ಬೇಗ ಹೊರಡಬೇಕಾದ್ದರಿಂದ ವಾರದ ದಿನಗಳಲ್ಲಿ ಕಾರು ರಾತ್ರಿ ನಮ್ಮ ಅಂಗಳದಲ್ಲೇ ನಿಲ್ಲುತ್ತದೆ. ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಮಾತ್ರ ಕಾರು ಹೆಗಡೆಯವರ ಮನೆಯಲ್ಲಿ ಇರುತ್ತದೆ.

ಸ್ಮೃತಿ ಅಮ್ಮನವರು ರೈಫಲ್ ಸ್ಪರ್ಧೆಗೆ ಹೋಗುವವರು, ಅದಕ್ಕೆ ಪರವಾನಗಿ ಇದೆ ಎಂಬುದು ನಮಗೆಲ್ಲ ಗೊತ್ತಿತ್ತು. ಆದರೆ ನಮ್ಮ ತಾಲೂಕಿನಲ್ಲಿ ಅದನ್ನು ಹೊಡೆಯುವ ಜಾಗ ಇಲ್ಲ. ಅವರು ಅಭ್ಯಾಸಕ್ಕೆ ದೂರದ ಊರಿಗೆ ಹೋಗುತ್ತಾರೆ ಎಂದು ನರೇಶ ಹೇಳಿದ್ದನು.

ದಿನಾಂಕ 09-02-2025 ರಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾನು ಹಳ್ಳದ ದಂಡೆಯಲ್ಲಿ ಕುಳಿತು ಹಳೇ ಬಲೆಯ ಅಂಚು ಬಿಚ್ಚುತ್ತಿದ್ದೆನು. ಹಳ್ಳದ ಆಚೆ ಬದಿ ಸುಮಾರು ಇನ್ನೂರು ಮೀಟರ್ ಮೇಲೆ ಹೆಗಡೆಯವರ ತೆಂಗಿನ ಹಿತ್ತಲು ಇದೆ. ಅಲ್ಲಿ ಯಾರೂ ವಾಸ ಇಲ್ಲ. ಅಲ್ಲಿ ಅವರ ಬಿಳಿ ಕಾರು ಬಂದು ನಿಂತದ್ದನ್ನು ನೋಡಿದೆನು. ಪ್ರದೀಪ ಹೆಗಡೆಯವರು ಮತ್ತು ಇಬ್ಬರು ಗಂಡಸರು ಇಳಿದರು. ಆ ಇಬ್ಬರು ನಮ್ಮ ಕಡೆಯವರಲ್ಲ. ಒಬ್ಬರು ಉದ್ದದ ಕಪ್ಪು ಚೀಲವನ್ನು ಹೆಗಲಿಗೆ ಹಾಕಿದ್ದರು. ನಾನು ಕ್ರಿಕೆಟ್ ಸಾಮಾನು ಅಂದುಕೊಂಡೆನು. ಆಮೇಲೆ ಸ್ವಲ್ಪ ಹೊತ್ತಿಗೆ ಒಣ ಸೋಗೆ ಸೀಳಿದಂಥ ಒಂದು ಸಪ್ಪಳ ಆಯಿತು. ಕೊಕ್ಕರೆಗಳು ಒಟ್ಟಿಗೆ ಎದ್ದವು. ನನ್ನಿಂದ ದೂರದಲ್ಲಿ ನೀರು ಒಮ್ಮೆ ಚಿಮ್ಮಿದ್ದನ್ನು ಕಂಡೆನು. ನಾನು ಎದ್ದು ನಿಂತು ಕೈ ಬೀಸಿದೆನು. ಮತ್ತೆ ಸಪ್ಪಳ ಬರಲಿಲ್ಲ. ಮನೆಗೆ ಬಂದು ದೇವಿಗೆ ಹೇಳಿದಾಗ ಅವಳು, ಮಂಗ ಓಡಿಸುಕೆ ಗರ್ನಲ್ ಪಟಾಕಿ ಹೊಡೆದಿರ್ಬೇಕು, ನಿಮಗೆ ಎಲೆ ಬಿದ್ರೂ ಹೆದರಿಕೆ ಎಂದು ನಗಾಡಿದಳು. ಅವಳು ಹೇಳಿದ್ದೂ ಸುಳ್ಳಲ್ಲ. ಮೊದಲಿನಿಂದಲೂ ನಾನು ಹಾಗೆಯೇ.

ದಿನಾಂಕ 10-02-2025 ರಂದು ಸೋಮವಾರ ಬೆಳಿಗ್ಗೆ, ಬಲೆಯ ಅಂಚಿಗೆ ಕಟ್ಟುವ ಸೀಸದ ಮಣಿಗಳನ್ನು ಭಟ್ಕಳದಿಂದ ತಂದುಕೊಡು ಎಂದು ನಾನೇ ನರೇಶನಿಗೆ ಹೇಳಿ ಕಳುಹಿಸಿದ್ದೆನು. ಬೀಸು ಬಲೆಗೆ ಅಂಚಿನಲ್ಲಿ ಭಾರ ಇಲ್ಲದಿದ್ದರೆ ಅದು ನೀರಿನ ಮೇಲೆ ಸೀರೆಯಂತೆ ತೇಲುತ್ತದೆ, ಮೀನು ಅಡಿಯಿಂದ ಹೋಗಿಬಿಡುತ್ತದೆ. ಅಂದು ಸಂಜೆ ಸುಮಾರು 7 ಗಂಟೆಗೆ ನರೇಶ ಬಂದು ಕಾರು ನಿಲ್ಲಿಸಿದನು. ಅವನು ಕಾಲು ತೊಳೆಯುತ್ತಾ ದೇವಿಗೆ, ಅಕ್ಕಾ, ಭಾವನ ಸಾಮಾನು ಡಿಕ್ಕಿಲಿ ಉಂಟು, ತಕ್ಕಾ ಎಂದು ಹೇಳಿದನು. ದೇವಿ ಡಿಕ್ಕಿ ತೆಗೆದು ಒಂದು ನೀಲಿ ಪ್ಲಾಸ್ಟಿಕ್ ಡಬ್ಬಿಯನ್ನು ತಂದು ನನ್ನ ಮುಂದೆ ಇಟ್ಟಳು. ಅದು ಕೈ ಜಗ್ಗುವಷ್ಟು ಭಾರ ಇತ್ತು. ಮೇಲೆ ಅಂಟಿಸಿದ ಚೀಟಿಯನ್ನು ಯಾರೋ ಕೆರೆದು ತೆಗೆದಿದ್ದರು. ಭಾರ ಇದ್ದುದರಿಂದ ನಾವಿಬ್ಬರೂ ಅದೇ ಸೀಸ ಎಂದುಕೊಂಡೆವು.

ಮಂಗಳವಾರ ಬೆಳಿಗ್ಗೆ ನರೇಶ ಕೆಲಸಕ್ಕೆ ಹೋದ ಮೇಲೆ ನಾನು ಡಬ್ಬಿ ತೆಗೆದೆನು. ಒಳಗಿದ್ದದ್ದು ನಾನು ಈವರೆಗೆ ಕಟ್ಟಿದ ಮಣಿಗಳ ಹಾಗೆ ಇರಲಿಲ್ಲ. ಕಿರುಬೆರಳಿಗಿಂತ ಸಪೂರ, ತಾಮ್ರದ ಬಣ್ಣ, ಮೂತಿ ಉದ್ದಕ್ಕೆ ಚೂಪು. ಹಿಂದಿನ ತುದಿಯೂ ಒಳಗೆ ಇಳಿದುಕೊಂಡು ಸಪೂರ ಆಗಿತ್ತು. ಎಲ್ಲವೂ ಒಂದೇ ಅಚ್ಚಿನಂತೆ ನುಣುಪು. ನಡುವೆ ತೂತು ಇರಲಿಲ್ಲ. ಹೊಸ ನಮೂನೆ ಬಂದಿರಬೇಕು, ಉಪ್ಪುನೀರಿಗೆ ಹಾಳಾಗದಂತೆ ಮೇಲೆ ತಾಮ್ರ ಹಾಕಿರಬೇಕು ಎಂದುಕೊಂಡೆನು. ದಾರ ಸುತ್ತಿ ಕಟ್ಟಲು ನೋಡಿದೆನು. ಎರಡೂ ತುದಿ ಸಪೂರ ಇದ್ದುದರಿಂದ ಎಷ್ಟು ಬಿಗಿದರೂ ದಾರ ಜಾರುತ್ತಿತ್ತು. ಆಗ ದೋಣಿ ಕೆಲಸಕ್ಕೆ ಇಟ್ಟುಕೊಂಡ ಕೈ ಡ್ರಿಲ್ಲಿನಿಂದ ಒಂದೊಂದಕ್ಕೂ ಅಡ್ಡ ತೂತು ಕೊರೆದೆನು. ಒಳಗೆ ಸೀಸವೇ ಬಂದುದರಿಂದ ನನ್ನ ಅನುಮಾನ ಹೋಯಿತು. ಸಂಜೆಯೊಳಗೆ ಅಂಚಿನ ಮುಕ್ಕಾಲು ಭಾಗಕ್ಕೆ ಪೋಣಿಸಿದೆನು. ಡಬ್ಬಿ ಖಾಲಿ ಆಯಿತು. ಉಳಿದ ಭಾಗಕ್ಕೆ ಹಳೇ ಮಣಿಗಳನ್ನೇ ಕಟ್ಟಿದೆನು.

ದಿನಾಂಕ 12-02-2025 ರಂದು ಬುಧವಾರ ಬೆಳಿಗ್ಗೆ ಇಳಿತದ ಹೊತ್ತಿಗೆ ಆ ಬಲೆಯನ್ನು ಹಳ್ಳದಲ್ಲಿ ಬೀಸಿದೆನು. ಹೊಸ ಮಣಿ ಇದ್ದ ಬದಿ ಸಪ್ಪಳವೇ ಇಲ್ಲದೆ ಕೂಡಲೇ ಕೆಳಗೆ ಹೋಯಿತು. ಹಳೇ ಮಣಿಯ ಬದಿ ಹಿಂದೆ ಉಳಿಯಿತು. ಬಲೆ ಓರೆಯಾಗಿ ಕುಳಿತು ಮೀನೆಲ್ಲ ಆ ಸಂದಿಯಲ್ಲಿ ಹೋದವು. ನಾಲ್ಕು ಶೆಟ್ಲಿ ಸಿಗಡಿ, ಒಂದು ಏಡಿ ಮಾತ್ರ ಸಿಕ್ಕಿದವು. ಬಲೆ ಎಳೆದಾಗ ಕೆಸರಿನೊಟ್ಟಿಗೆ ಅಂಥದೇ ಒಂದು ಮಣಿ ಬಿಡಿಯಾಗಿ ಬಂದಿತು. ದಾರ ಹರಿದು ಕಳಚಿರಬೇಕು ಎಂದು ತಿಳಿದು, ನೋಡದೆ ಸೊಂಟದ ಚೀಲಕ್ಕೆ ಹಾಕಿಕೊಂಡೆನು.

ಅದೇ ದಿನ ಸಂಜೆ ನರೇಶ ಬಂದವನೇ ಕಾಗದದಲ್ಲಿ ಕಟ್ಟಿದ ಒಂದು ಪೊಟ್ಟಣ ನನ್ನ ಮುಂದೆ ಇಟ್ಟು, ಭಾವ, ನಿನ್ನ ಸೀಸ ಸ್ಟೆಪ್ನಿ ಅಡಿಗೇ ಉಳ್ಕಂಡಿತ್ತಲಾ, ಹೊನ್ನಾವರದಲ್ಲಿ ಪಂಕ್ಚರ್ ಆದಾಗ ಕಂಡೆ ಎಂದನು. ನಾನು, ಹಾಗಾದರೆ ನಾ ಕಟ್ಟಿದ್ದು ಎಂತ ಎಂದು ಕೇಳಿ ಬಲೆ ತೋರಿಸಿದೆನು. ನರೇಶ ಬಲೆಯ ಅಂಚನ್ನು ಕೈಯಲ್ಲಿ ಹಿಡಿದು ಒಂದು ಮಣಿಯನ್ನು ಬೆಳಕಿಗೆ ತಿರುಗಿಸಿ ನೋಡಿದನು. ಇದು ಸ್ಮೃತಿ ಅಮ್ಮನ ಬಂದೂಕಿನ ಗುಂಡು, ಸ್ಪರ್ಧೆ ದಿನ ಇಂಥದ್ದೇ ಅವರ ಕೈಲಿ ಕಂಡಿದ್ದೆ ಎಂದು ಹೇಳಿದನು.

ನನಗೆ ಆಗ ನರೇಶನ ಮೇಲೆಯೇ ಅನುಮಾನ ಬಂದಿತು. ಅದನ್ನು ಮುಚ್ಚಿಡುವುದಿಲ್ಲ. ನಾನು ಅವನ ತೋಳು ಹಿಡಿದು, ನಿಜ ಹೇಳು, ನೀನೇ ಎತ್ತಿದ್ಯಾ ಎಂದು ಕೇಳಿದೆನು. ಅವನು, ಇದನ್ನ ಕದ್ದು ನಾ ಎಂತ ಮಾಡಲಿ ಭಾವ, ಹುರ್ಕಂಡು ತಿನ್ಲಾ, ಆ ಮನೆ ಜಗಲಿ ದಾಟಿ ಒಳಗೆ ಹೋದವನೇ ಅಲ್ಲ ನಾನು ಎಂದನು. ದೇವಿ ಅಳುತ್ತಾ, ಡಬ್ಬಿ ತೆಗೆದವಳು ನಾನು, ನನ್ನನ್ನ ಕೇಳಿ ಎಂದಳು. ಈಗಲೇ ಒಯ್ದು ಕೊಟ್ಟು ಬರುವ ಎಂದು ನಾನು ಹೇಳಿದೆನು. ಬಲೆಯನ್ನು ಇದ್ದ ಹಾಗೆಯೇ ಕಾರಿಗೆ ಹಾಕಿಕೊಂಡು ನಾನು ಮತ್ತು ನರೇಶ ಹೊರಟೆವು.

ಸುಮಾರು 7-30 ಗಂಟೆಗೆ ಹೆಗಡೆಯವರ ಮನೆ ತಲುಪಿದೆವು. ಬಲೆ ಇನ್ನೂ ಕಾರಿನಲ್ಲೇ ಇತ್ತು. ನರೇಶ, ಒಡೆಯಾ, ನಿಮ್ಮದೊಂದು ಸಾಮಾನು ತಪ್ಪಿ ನಮ್ಮಲ್ಲಿ ಬಂದಿದೆ ಎಂದಷ್ಟೇ ಹೇಳಿದನು. ಏನು, ಎಲ್ಲಿಂದ ಎಂದು ಅವನು ಹೇಳಿರಲಿಲ್ಲ. ಅಷ್ಟಕ್ಕೇ ಪ್ರದೀಪ ಹೆಗಡೆಯವರು, ಡಿಕ್ಕಿ ತೆಗೆದದ್ದು ಯಾರು ಎಂದು ಕೇಳಿದರು. ಈ ಮಾತನ್ನು ನಾನು ಎರಡು ಕಿವಿಯಿಂದ ಕೇಳಿದ್ದೇನೆ.

ಅಷ್ಟರಲ್ಲಿ ಸ್ಮೃತಿ ಅಮ್ಮನವರು ಹೊರಗೆ ಬಂದರು. ನಾನು ಬಲೆಯನ್ನು ಜಗಲಿಯ ಮೇಲೆ ಹರಡಿದೆನು. ಅವರು ಬಗ್ಗಿ ಒಂದು ಮಣಿಯನ್ನು ಹಿಡಿದು ತೂತಿನ ಮೇಲೆ ಉಗುರು ಆಡಿಸಿದರು. ನಾನು, ಇದು ಸಿಡಿಯುತ್ತದೆಯೇ ಎಂದು ಕೇಳಿದೆನು. ಅವರು, ಇದು ಗುಂಡಿನ ತಲೆ ಮಾತ್ರ, ಮದ್ದು ಇಲ್ಲ, ಹೆದರಬೇಡ, ಮದ್ದು ತುಂಬಿದ ಕೆಲವು ಬಂದೂಕಿನ ಜೊತೆ ಕಪಾಟಿನಲ್ಲಿವೆ ಎಂದರು. ದೂರದ ಹಲಗೆಗೆ ಹೊಡೆಯಲು ಇದನ್ನು ಹೀಗೆ ಮಾಡುತ್ತಾರೆ, ಮೂತಿ ಚೂಪು ಮತ್ತು ಬಾಲ ನಿನ್ನ ದೋಣಿಯ ಬಾಲದ ಹಾಗೆ ಸಪೂರ ಇದ್ದರೆ ಗಾಳಿ ಇದನ್ನು ಹಿಡಿದು ಎಳೆಯುವುದು ಕಡಿಮೆ, ಅಡ್ಡಗಾಳಿಗೂ ಸುಲಭಕ್ಕೆ ಸರಿಯುವುದಿಲ್ಲ, ಮೊಂಡು ಮೂತಿಯದು ದಾರಿಯಲ್ಲೇ ಸುಸ್ತಾಗುತ್ತದೆ ಎಂದು ತಿಳಿಸಿದರು. ಇಲ್ಲಿ ಅಂಗಡಿಗಳಲ್ಲಿ ಸಿಗುವುದಿಲ್ಲ, ಅನುಮತಿ ಮಾಡಿಸಿ ಹೊರದೇಶದಿಂದ ತರಿಸಲು ಒಂದು ವರ್ಷ ಕಾದಿದ್ದೆ, ಮುಂದಿನ ತಿಂಗಳು ಆಯ್ಕೆಯ ಸ್ಪರ್ಧೆ ಇದೆ ಎಂದರು. ಕೊನೆಗೆ, ಕೂದಲಿನಷ್ಟು ತೂಕ ಹೆಚ್ಚುಕಡಿಮೆ ಆದರೂ ನಾ ಪಕ್ಕಕ್ಕೆ ಇಡುವವಳು, ನೀನು ಎಲ್ಲದಕ್ಕೂ ತೂತೇ ಹಾಕಿ ತಂದ್ಯಲ ಬೊಮ್ಮಯ್ಯ ಎಂದರು. ನಗು ಬಂದ ಹಾಗೆ ಕಂಡಿತು, ಆದರೆ ಕಣ್ಣಲ್ಲಿ ನೀರು ಇತ್ತು.

ಆಮೇಲೆ ಅವರು ಅಣ್ಣನ ಕಡೆಗೆ ತಿರುಗಿ ತಮ್ಮ ಮನೆ ಮಾತಿನಲ್ಲಿ, ಇದು ಕಪಾಟಲ್ಲಿ ಇದ್ದಿತ್ತು ಅಲ್ದಾ, ನಾ ಕಾಲೇಜಿನ ಕ್ಯಾಂಪಿಗೆ ಹೋದಾಗ ಕೀಲಿ ನಿನ್ ಹತ್ರನೇ ಇದ್ದಿತ್ತು ಎಂದು ಕೇಳಿದರು. ಕ್ಯಾಂಪಿಗೆ ಹೋದದ್ದು ಯಾವತ್ತು ಎಂದು ನಾನು ಕೇಳಿದೆನು. ಶನಿವಾರ ಹೋಗಿ ಭಾನುವಾರ ರಾತ್ರಿ ಬಂದೆ ಎಂದರು. ಪ್ರದೀಪ ಹೆಗಡೆಯವರು, ನೀ ಒಳಗೆ ಹೋಗು, ಆನು ಮಾತಾಡ್ತೆ ಎಂದು ಹೇಳಿ ಫೋನ್ ತೆಗೆದುಕೊಂಡು ಅಂಗಳಕ್ಕೆ ಇಳಿದರು. ಅರ್ಧ ಗಂಟೆಯಲ್ಲಿ ಪೊಲೀಸರು ಬಂದರು. ಡ್ರೈವರ್ ಕಪಾಟಿನಿಂದ ಕದ್ದು ಭಾವನಿಗೆ ಕೊಟ್ಟಿದ್ದಾನೆ ಎಂದು ಪ್ರದೀಪ ಹೆಗಡೆಯವರು ದೂರು ಹೇಳಿದರು. ನರೇಶನನ್ನು ಮತ್ತು ನನ್ನ ಬಲೆಯನ್ನು ಜೀಪಿಗೆ ಹಾಕಿದರು. ನನ್ನನ್ನು ಮನೆಗೆ ಹೋಗಲು ಹೇಳಿದರು. ನಾನು ನಡೆದು ಮನೆಗೆ ಹೋದೆನು.

ಇಂದು ಬೆಳಿಗ್ಗೆ ನಾನು ಠಾಣೆಗೆ ಬಂದು ಸೊಂಟದ ಚೀಲದಲ್ಲಿದ್ದ ಆ ಬಿಡಿ ಮಣಿಯನ್ನೂ ಒಪ್ಪಿಸಿದೆನು. ಪಂಚರ ಎದುರು ನನ್ನ ಬಲೆಯ ಅಂಚನ್ನು ಕತ್ತರಿಸಿ ಎಲ್ಲ ಮಣಿಗಳನ್ನು ತೆಗೆದು, ಆ ಬಿಡಿಯದನ್ನೂ ಸೇರಿಸಿ ಒಂದೇ ಲಕೋಟೆಗೆ ಹಾಕಿ ಅರಗಿನ ಮೊಹರು ಮಾಡಿದರು.

ಕದ್ದವನು ಕದ್ದ ಸಾಮಾನನ್ನು ಬಲೆಗೆ ಕಟ್ಟಿ ಹಗಲಿನಲ್ಲಿ ಹಳ್ಳದಲ್ಲಿ ಬೀಸುವುದಿಲ್ಲ. ಕಪಾಟಿನಿಂದ ಕಳುವಾಗಿದ್ದರೆ ಪ್ರದೀಪ ಹೆಗಡೆಯವರು ಡಿಕ್ಕಿಯ ಸುದ್ದಿ ಎತ್ತುವುದಿಲ್ಲ. ಭಾನುವಾರ ಕಾರು ಅವರ ಕೈಯಲ್ಲಿತ್ತು, ಕಪಾಟಿನ ಕೀಲಿಯೂ ಇತ್ತು. ಸಿಗದ ಸಾಮಾನು ಆದ್ದರಿಂದ ಆ ಇಬ್ಬರಿಗೆ ತೋರಿಸಲು, ಅಥವಾ ಕೊಡಲು, ಡಬ್ಬಿಯನ್ನು ತಂದು ನನ್ನನ್ನು ಕಂಡ ಮೇಲೆ ಡಿಕ್ಕಿಯಲ್ಲೇ ಬಿಟ್ಟಿರಬೇಕು ಎಂದು ನನಗೆ ಅನುಮಾನ ಇದೆ. ನಾನು ಕಂಡದ್ದು ಬೇರೆ, ಅನುಮಾನ ಬೇರೆ, ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಬೇಕು. ದೇವಿ ನಿನ್ನೆಯಿಂದ ಊಟ ಮಾಡಿಲ್ಲ. ನರೇಶನ ಮೇಲೆ ಬಂದೂಕಿನ ಕೇಸು ಬಿದ್ದರೆ ಅವನಿಗೆ ಮತ್ತೆ ಯಾರೂ ಕಾರಿನ ಕೀಲಿ ಕೊಡುವುದಿಲ್ಲ.

ಬರೆದದ್ದನ್ನು ನನಗೆ ಎರಡು ಸಲ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ನಾನು ಹೇಳಿದ್ದು ನಡೆದಂತೆಯೇ ಇದೆ.

ಸ್ಥಳ: ಕುಮಟಾ
ದಿನಾಂಕ: 13-02-2025
ಸಹಿ: ಬೊಮ್ಮಯ್ಯ ಮಾ. ಅಂಬಿಗ

ಸಹಿ ಆದ ಮೇಲೆ ಬಾಗಿಲಿನಿಂದ ಹಿಂದಿರುಗಿ ಬರೆಯಿಸಿದ್ದು:

ಹಳ್ಳದ ಕೆಸರಿನಲ್ಲಿ ಸಿಕ್ಕ ಆ ಬಿಡಿ ಮಣಿ ದಾರ ಹರಿದು ಬಿದ್ದದ್ದು ಎಂದು ನಾನು ಮೇಲೆ ಹೇಳಿದ್ದೇನೆ. ಅದು ಸರಿಯಲ್ಲ ಎಂದು ಈಗ ಕಾಣುತ್ತದೆ. ನಾನು ಪೋಣಿಸಿದ ಎಲ್ಲದಕ್ಕೂ ಮೊದಲು ತೂತು ಕೊರೆದಿದ್ದೆನು, ತೂತಿಲ್ಲದೆ ಅದು ದಾರದಲ್ಲಿ ನಿಲ್ಲುವುದೇ ಇಲ್ಲ. ಬೆಳಿಗ್ಗೆ ಸಾಹೇಬರು ಲಕೋಟೆಗೆ ಹಾಕುವಾಗ ನಾನು ಕಂಡಂತೆ ಆ ಒಂದಕ್ಕೆ ತೂತು ಇರಲಿಲ್ಲ. ಮೂತಿ ಸ್ವಲ್ಪ ಬಾಗಿತ್ತು, ಮೈಮೇಲೆ ಸುತ್ತಲೂ ಓರೆ ಗೀರುಗಳು ಇದ್ದವು. ಡಬ್ಬಿಯಲ್ಲಿದ್ದ ಯಾವುದಕ್ಕೂ ಗೀರು ಇರಲಿಲ್ಲ, ಎಲ್ಲವೂ ನುಣುಪಾಗಿದ್ದವು. ಅದು ಸಿಕ್ಕಿದ್ದೂ ಭಾನುವಾರ ನೀರು ಚಿಮ್ಮಿದ ಕಡೆಯಲ್ಲೇ. ಬಂದೂಕಿನ ನಳಿಗೆಯಲ್ಲಿ ಹಾದುಹೋದದ್ದಕ್ಕೆ ಗೀರು ಬೀಳುತ್ತದೆಯೇ ಇಲ್ಲವೇ ನನಗೆ ಗೊತ್ತಿಲ್ಲ, ನಿಮಗೆ ಗೊತ್ತಿರುತ್ತದೆ. ನರೇಶನನ್ನು ಕಾರವಾರಕ್ಕೋ ಬೇರೆ ಕಡೆಗೋ ಕಳುಹಿಸುವ ಮೊದಲು, ಪಂಚರನ್ನು ಕರೆದು ಲಕೋಟೆ ಬಿಚ್ಚಿ, ಆ ಒಂದನ್ನು ಮಾತ್ರ ಬೇರೆ ತೆಗೆದು ಇನ್ನೊಮ್ಮೆ ನೋಡಬೇಕಾಗಿ ಕೇಳಿಕೊಳ್ಳುತ್ತೇನೆ.