ದಳಪತಿಯ ಬಲಮಗ್ಗುಲು

ಒಂದೂರಲ್ಲಿ ಒಬ್ಬ ದಳಪತಿ ಇದ್ದ. ಊರು ನಮ್ಮದಲ್ಲ, ಹಳೇ ಕಾಲದ ಗ್ರೀಕರದ್ದು. ಗ್ರೀಕರು ಅಂದ ತಕ್ಷಣ ಹಿಂದಿನ ಸಾಲಿನವರು ಆಕಳಿಸಬೇಡಿ, ಕಥೆ ಕೊನೆಗೆ ನಿಮ್ಮ ಮನೆ ಬಾಗಿಲಿಗೇ ಬರುತ್ತೆ.

ಆ ಊರಲ್ಲಿ ಯುದ್ಧ ಬಂತು ಅಂದರೆ ಕುಂಬಾರ, ಬಡಗಿ, ರೈತ ಎಲ್ಲರೂ ಗುರಾಣಿ ಹಿಡಿದು ಸಾಲಾಗಿ ನಿಲ್ಲಬೇಕು. ಗುರಾಣಿ ಎಡಗೈಯಲ್ಲಿ. ಎಲ್ಲಿ, ನಿಮ್ಮ ಎಡಗೈ ಎದೆ ಮುಂದೆ ತನ್ನಿ. ಹೂಂ, ತನ್ನಿ, ನಾಚಿಕೆ ಯಾಕೆ? ನೋಡಿ, ಆ ಗುರಾಣಿ ಅರ್ಧ ನಿಮ್ಮನ್ನ ಕಾಯುತ್ತೆ, ಅರ್ಧ ನಿಮ್ಮ ಎಡಗಡೆಯವನನ್ನ ಕಾಯುತ್ತೆ. ನಿಮ್ಮ ಬಲಮಗ್ಗುಲನ್ನ ಕಾಯೋದು ಬಲಗಡೆಯವನ ಗುರಾಣಿ. ಸರಿ, ಸಾಲಿನ ಬಲತುದಿಯಲ್ಲಿ ನಿಂತವನನ್ನ ಯಾರು ಕಾಯಬೇಕು? ಯಾರೂ ಇಲ್ಲ. ಆ ಜಾಗ ದಳಪತಿಗೆ.

ಹನ್ನೊಂದು ವರ್ಷ ಅವನು ಅಲ್ಲೇ ನಿಂತ. ವರ್ಷಕ್ಕೊಮ್ಮೆ ಊರವರು ಸಭೆ ಸೇರಿ, ಕೈ ಎತ್ತಿ ಅವನನ್ನೇ ಆರಿಸೋರು. ಹನ್ನೆರಡನೇ ವರ್ಷ ಅವನು ಎದ್ದು ಕೇಳಿದ: "ಅಣ್ಣಂದಿರಾ, ಈ ಒಂದು ಸಲ ನನ್ನನ್ನ ನಡುವೆ ನಿಲ್ಲಿಸಿ."

ಎಲ್ಲರೂ ನಕ್ಕರು. "ಆ ತುದಿಗೆ ನೀನಿಲ್ಲದೆ ಆಗುತ್ತೇನಪ್ಪಾ?"

ಮತ್ತೆ ಅವನನ್ನೇ ಆರಿಸೋಕೆ ಮೊದಲು ಕೈ ಎತ್ತಿದವನು ಕುಂಬಾರ. ಎತ್ತದೆ ಇರ್ತಾನಾ? ಅಷ್ಟೂ ವರ್ಷ ದಳಪತಿಯ ಎಡಕ್ಕೆ ನಿಂತವನೇ ಅವನು. ಗೆದ್ದ ದಿನ ಇವರೆಲ್ಲ ಒಟ್ಟಿಗೆ ಉಣ್ಣೋರು, ದಳಪತಿಯನ್ನ ಮಾತ್ರ ಕರೀತಿರಲಿಲ್ಲ. ದೊಡ್ಡ ಮನುಷ್ಯ, ಅವನೆದುರು ತಮಾಷೆ ಮಾಡೋಕಾಗಲ್ಲ ಅಂತ. ಮರ್ಯಾದೆ! ಆ ಮರ್ಯಾದೆಯಿಂದ ಅವನು ಒಬ್ಬನೇ ಕೂತು ರೊಟ್ಟಿ ಮುರೀತಿದ್ದ.

ಆ ವರ್ಷವೂ ಯುದ್ಧ ಬಂತು. ಹೆದರಿದವನು ಏನು ಮಾಡ್ತಾನೆ? ಬಲಗಡೆಯವನ ಗುರಾಣಿ ಹಿಂದಕ್ಕೆ ಇನ್ನೊಂದಿಷ್ಟು ಸರೀತಾನೆ. ಕುಂಬಾರ ಸರಿದ. ಅವನ ಪಕ್ಕದವನೂ ಸರಿದ. ಇಡೀ ಸಾಲು ಸರಿದು ಸರಿದು ದಳಪತಿಯನ್ನ ಹೊರಕ್ಕೆ ತಳ್ಳಿತು. ಭರ್ಜಿ ಅವನ ಬಲ ಪಕ್ಕೆಗೆ ನಾಟಿತು. ಆದರೂ ಅವನು ಎಡಗೈ ಇಳಿಸಲಿಲ್ಲ. ಊರು ಗೆದ್ದಿತು.

ಡೇರೆಯಲ್ಲಿ ಕುಂಬಾರ ಗಾಯ ತೊಳೆಯೋಕೆ ಅಂತ ಅವನ ಅಂಗಿ ಬಿಚ್ಚಿದ. ನೋಡ್ತಾನೆ, ಬಲಮಗ್ಗುಲ ತುಂಬ ಹಳೇ ಗಾಯದ ಕಲೆಗಳು. ತನ್ನ ಮೈ ನೋಡಿಕೊಂಡ. ಒಂದು ಗೀರೂ ಇಲ್ಲ.

"ಒಂದು ದಿನವೂ ನಾನು ಈ ಕಡೆ ನೋಡಲಿಲ್ಲವಲ್ಲಣ್ಣಾ" ಅಂತ ಅತ್ತ.

"ಇರಲಿ ಬಿಡು. ಬಲಗಡೆ ಬಂದು ಕೂತ್ಕೋ. ಆ ಕಡೆ ಒಬ್ಬರಿದ್ದರೆ ಹೇಗಿರುತ್ತೆ ಅಂತ ನೋಡ್ತೀನಿ" ಅಂದ ದಳಪತಿ.

ಕುಂಬಾರ ಕೂತ. ಹೊತ್ತು ಮುಳುಗೋ ಮೊದಲೇ ದಳಪತಿಯ ಉಸಿರು ನಿಂತಿತು. ಹನ್ನೆರಡು ವರ್ಷ ನಿಂತವನಿಗೆ ಸಿಕ್ಕಿದ್ದು ಅದೊಂದು ಗಳಿಗೆ.

ಈಗ ನೀವು ಹೇಳಿ. ನಿಮ್ಮ ಮನೆಯ ಬಲತುದಿಯಲ್ಲಿ ಯಾರು ನಿಂತಿದ್ದಾರೆ? ಆಸ್ಪತ್ರೆಗೆ, ಮದುವೆಗೆ, ಸಾವಿಗೆ, ಎಲ್ಲದಕ್ಕೂ "ಅಕ್ಕ ನೋಡ್ಕೋತಾಳೆ ಬಿಡಿ" ಅಂತೀರಲ್ಲ, ಆ ಅಕ್ಕನ ಮುಖ ಕೊನೇ ಸಲ ನೋಡಿದ್ದು ಯಾವಾಗ? "ಅವಳಿಗೇನು, ಗಟ್ಟಿಗಿತ್ತಿ" ಅಂತೀರಿ. ಅವಳನ್ನ ಕೇಳಿದಿರೇನ್ರೀ? ಇವತ್ತು ಹೋಗಿ, ಆದರೆ ಏನೂ ಕೆಲಸ ಹೇಳಬೇಡಿ. ಊಟಕ್ಕೆ ಅವಳ ಪಕ್ಕದಲ್ಲಿ ಕೂತ್ಕೊಳ್ಳಿ. ಅವಳು ಹೊತ್ತಿರೋದರಲ್ಲಿ ಒಂದನ್ನಾದರೂ ನಾಳೆಯಿಂದ ನೀವು ಹೊರಿ. ಗಾಯ ತೊಳೆಯೋ ದಿನ ಬರಲಿ ಅಂತ ಮಾತ್ರ ಕಾಯಬೇಡಿ.